ಹಳೆಯ ಜಿಪ್ಸಿ, ಜೀಪುಗಳ ಮುಂದಿನ ಬ್ರೇಕ್ ಕ್ಯಾಲಿಪರ್ ರಿಪೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೆಚ್ಚಿನ ಮಾತು ಮಾರುತಿ ಜಿಪ್ಸಿ ಕಿಂಗ್ ಬಗ್ಗೆ, ಅಂದರೆ 1996ರಿಂದ ಬಂದ 1.3 ಲೀಟರ್ ಇಂಜಿನ್ನಿನ ಗಾಡಿ. ಮಲೆನಾಡಿನಲ್ಲಿ, ಕೊಡಗಿನ ತೋಟಗಳಲ್ಲಿ ಇದು ಈಗಲೂ ದಿನಾ ದುಡಿಯುತ್ತಿದೆ. ಮಿಲಿಟರಿ ಹರಾಜಿನಲ್ಲಿ ಬಂದ ಗಾಡಿಗಳೂ ಬೇಕಾದಷ್ಟಿವೆ. ಒಂದೇ ಪಿಸ್ಟನ್ನಿನ, ಪಿನ್ನುಗಳ ಮೇಲೆ ಜಾರುವ ಕ್ಯಾಲಿಪರ್ ಇರುವ ಬೇರೆ ಹಳೆಯ ಗಾಡಿಗಳಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ. ಡ್ರಮ್ ಬ್ರೇಕ್ ಇರುವ ಹಳೆಯ ಮಹೀಂದ್ರಾ ಜೀಪಿನ ಬಗ್ಗೆ, ಟೊಯೋಟಾ ಹೈಲಕ್ಸ್ ಪಿಕಪ್ಪಿನ ಬಗ್ಗೆ ಕೊನೆಯ ಕಡೆ ಬರೆದಿದ್ದೇನೆ.

ಕ್ಯಾಲಿಪರ್ ಹೇಗೆ ಕೆಲಸ ಮಾಡುತ್ತದೆ?

ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡುಗಳ ನಡುವೆ ಹಿಡಿದು ನಿಲ್ಲಿಸುವ ಭಾಗವೇ ಕ್ಯಾಲಿಪರ್. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ. ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಗ ಕ್ಯಾಲಿಪರ್ ಪೂರ್ತಿಯಾಗಿ ಪಿನ್ನುಗಳ ಮೇಲೆ ಹಿಂದಕ್ಕೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ಡಿಸ್ಕಿಗೆ ಒತ್ತುತ್ತದೆ.

ಪೆಡಲ್ ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಒಳಗೆ ಸ್ಪ್ರಿಂಗ್ ಏನೂ ಇಲ್ಲ. ಆ ಕೆಲಸ ಮಾಡುವುದು ಚೌಕ ಅಂಚಿನ ಒಂದು ರಬ್ಬರ್ ಸೀಲು. ಪಿಸ್ಟನ್ ಮುಂದೆ ಹೋಗುವಾಗ ಸೀಲು ಸ್ವಲ್ಪ ತಿರುಚಿಕೊಳ್ಳುತ್ತದೆ, ಒತ್ತಡ ಹೋದ ತಕ್ಷಣ ನೆಟ್ಟಗಾಗಿ ಪಿಸ್ಟನ್ನನ್ನು ಒಂದು ಕೂದಲೆಳೆಯಷ್ಟು ಹಿಂದೆ ತರುತ್ತದೆ. ಆ ಕೂದಲೆಳೆಯ ಜಾಗ ಇದ್ದರೇ ಚಕ್ರ ಹಗುರವಾಗಿ ತಿರುಗುವುದು. ಸೀಲು ಗಟ್ಟಿಯಾದರೆ, ಅದು ಕೂತಿರುವ ತೋಡಿನಲ್ಲಿ ತುಕ್ಕು ಸೇರಿದರೆ, ಪಿನ್ನು ಒಣಗಿದರೆ ಬ್ರೇಕ್ ಹಿಡಿದುಕೊಂಡೇ ಇರುತ್ತದೆ. ಇಷ್ಟು ತಲೆಯಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸಲೀಸಾಗಿ ಅರ್ಥವಾಗುತ್ತದೆ.

ಗ್ಯಾರೇಜಿನಲ್ಲಿ "ಕ್ಯಾಲಿಪರ್ ಸವೆದಿದೆ, ಹೊಸದು ಹಾಕಿಸಿ" ಅಂತಾರೆ. ಹಾಕಿಸಲೇಬೇಕಾ?

ಮೊದಲು ಏನು ಸವೆದಿದೆ ಅಂತ ಕೇಳಿ. ಕ್ಯಾಲಿಪರಿನ ಮುಖ್ಯ ಭಾಗ ದಪ್ಪನೆಯ ಎರಕದ ಕಬ್ಬಿಣ, ಅದು ಅಷ್ಟು ಬೇಗ ಸವೆಯುವಂಥದ್ದಲ್ಲ. ಕೆಡುವುದು ಅದರ ಸುತ್ತಮುತ್ತಲಿನವು: ಜಾರುವ ಪಿನ್ನುಗಳು, ಪಿನ್ನಿನ ರಬ್ಬರ್ ಬೂಟು (ಹೊದಿಕೆ), ಪಿಸ್ಟನ್ನಿನ ಸೀಲು, ಧೂಳು ತಡೆಯುವ ಬೂಟು, ಪಿಸ್ಟನ್ನಿನ ಮೇಲಿನ ಕ್ರೋಮ್ ಪದರ, ಪ್ಯಾಡ್ ಕೂರುವ ಬ್ರ್ಯಾಕೆಟ್. ಇದರಲ್ಲಿ ಬಹುಪಾಲು ಒಂದು ರಿಪೇರಿ ಕಿಟ್ಟು, ಒಂದು ಜೊತೆ ಪಿನ್ನು, ಅರ್ಧ ದಿನದ ಕೆಲಸದಲ್ಲಿ ಸರಿಹೋಗುತ್ತದೆ.

ನನ್ನ ಅಭಿಪ್ರಾಯ ಇಷ್ಟೇ. ಬಿಚ್ಚಿ ನೋಡದೆ ಯಾರೂ ಕ್ಯಾಲಿಪರ್ ಎಸೆಯಬಾರದು, ಬಿಚ್ಚಿ ನೋಡದೆ "ಚೆನ್ನಾಗಿದೆ" ಅಂತಲೂ ಹೇಳಬಾರದು. ಘಟ್ಟ ಇಳಿಯುವ ಗಾಡಿಯ ಮುಂದಿನ ಬ್ರೇಕು ಇದು, ಅಂದಾಜಿನ ಮೇಲೆ ಬಿಡುವ ವಿಷಯವಲ್ಲ.

ಓಡಿಸುವಾಗ ಯಾವ ಲಕ್ಷಣ ಕಾಣಿಸುತ್ತದೆ?

ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುವುದು ಎಲ್ಲರಿಗೂ ಗೊತ್ತಾಗುವ ಲಕ್ಷಣ. ಆದರೆ ಇಲ್ಲಿ ಜನ ದಾರಿ ತಪ್ಪುತ್ತಾರೆ. ಒತ್ತಿದಾಗ ಎಡಕ್ಕೆ ಎಳೆದರೆ ಸಾಮಾನ್ಯವಾಗಿ ಕೆಟ್ಟಿರುವುದು ಬಲಗಡೆಯದು. ಅದು ಸರಿಯಾಗಿ ಹಿಡಿಯುತ್ತಿಲ್ಲ, ಎಡಗಡೆಯದು ಒಂದೇ ಕೆಲಸ ಮಾಡುತ್ತಿದೆ. ಬ್ರೇಕ್ ಒತ್ತದೆ ಸುಮ್ನೆ ಹೋಗುವಾಗಲೂ ಎಡಕ್ಕೆ ಎಳೆದರೆ ಎಡಗಡೆಯದು ಬಿಡದೆ ಹಿಡಿದುಕೊಂಡಿರಬಹುದು.

ಇನ್ನು ಸುಟ್ಟ ವಾಸನೆ, ಒಂದು ಚಕ್ರ ಮಾತ್ರ ಜಾಸ್ತಿ ಬಿಸಿಯಾಗುವುದು, ಮೈಲೇಜ್ ಇಳಿಯುವುದು, ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೂ ಗಾಡಿ ಉರುಳಲು ತಡೆಯುವುದು. ಕೆಟ್ಟ ರಸ್ತೆಯಲ್ಲಿ ಮುಂದಿನಿಂದ ಟಕ್ ಟಕ್ ಅಂತ ಬಂದು, ಬ್ರೇಕ್ ಸ್ವಲ್ಪ ಒತ್ತಿದ ತಕ್ಷಣ ಸದ್ದು ನಿಂತರೆ ಪಿನ್ನು ಅಥವಾ ಪ್ಯಾಡಿನ ಕ್ಲಿಪ್ಪು ಸಡಿಲವಾಗಿದೆ.

ಚಕ್ರ ಬಿಸಿಯಾಗಿದೆಯಾ ಅಂತ ನೋಡಲು ಡಿಸ್ಕನ್ನು ಕೈಯಲ್ಲಿ ಮುಟ್ಟಬೇಡಿ. ಸ್ವಲ್ಪ ದೂರ ಓಡಿಸಿ ಬಂದು ರಿಮ್ಮಿನ ಹತ್ತಿರ ಅಂಗೈ ಹಿಡಿದು ಎಡ ಬಲ ಹೋಲಿಸಿ ನೋಡಿ. ಸುಮಾರು ವ್ಯತ್ಯಾಸ ಇದ್ದರೆ ಕೈಗೇ ಗೊತ್ತಾಗುತ್ತದೆ.

ಪ್ಯಾಡು ನೋಡಿ ತೊಂದರೆ ಎಲ್ಲಿದೆ ಅಂತ ಹೇಳಬಹುದಾ?

ಹೇಳಬಹುದು, ತುಂಬ ಚೆನ್ನಾಗಿ ಹೇಳಬಹುದು. ಅದಕ್ಕೇ ಹಳೆಯ ಪ್ಯಾಡನ್ನು ಬಿಸಾಡುವ ಮುಂಚೆ ಯಾವುದು ಒಳಗಿನದು, ಯಾವುದು ಹೊರಗಿನದು, ಯಾವ ಕಡೆಯದು ಅಂತ ಗುರುತು ಮಾಡಿ ಪಕ್ಕಕ್ಕಿಡಿ.

ಒಳಗಿನ ಪ್ಯಾಡು ಪೂರ್ತಿ ಸವೆದು ಹೊರಗಿನದು ದಪ್ಪಗೇ ಇದ್ದರೆ ಪಿನ್ನು ಜಾಮ್ ಆಗಿದೆ. ಪಿಸ್ಟನ್ ಒಳಗಿನದನ್ನು ಒತ್ತುತ್ತಿದೆ, ಕ್ಯಾಲಿಪರ್ ಮಾತ್ರ ಜಾರುತ್ತಿಲ್ಲ. ಪ್ಯಾಡು ಬೆಣೆಯ ಹಾಗೆ ಒಂದು ತುದಿಯಲ್ಲಿ ತೆಳ್ಳಗೆ, ಇನ್ನೊಂದು ತುದಿಯಲ್ಲಿ ದಪ್ಪಗೆ ಇದ್ದರೆ ಎರಡು ಪಿನ್ನುಗಳಲ್ಲಿ ಒಂದು ಹಿಡಿದಿದೆ, ಅಥವಾ ಬ್ರ್ಯಾಕೆಟ್ಟಿನಲ್ಲಿ ಪ್ಯಾಡಿನ ಕಿವಿ (ಅಲ್ಲಿ ಕೂರುವ ತುದಿ) ಸಿಕ್ಕಿಕೊಂಡಿದೆ. ಒಂದು ಚಕ್ರದ ಎರಡೂ ಪ್ಯಾಡು ಸವೆದು ಇನ್ನೊಂದು ಚಕ್ರದವು ಹೊಸದರ ಹಾಗೆ ಇದ್ದರೆ ಪಿಸ್ಟನ್ ಅಥವಾ ಹೋಸ್ ಪೈಪಿನ ಕಡೆ ನೋಡಬೇಕು.

ಚಕ್ರ ಎತ್ತಿ ತಿರುಗಿಸಿದರೆ ಭಾರ ಅನಿಸುತ್ತದೆ. ಅದು ಬ್ರೇಕೇನಾ?

ಫೋರ್ ವೀಲ್ ಗಾಡಿಯಲ್ಲಿ ಇಲ್ಲೊಂದು ಎಚ್ಚರಿಕೆ ಬೇಕು. ಮುಂದಿನ ಹಬ್ (ಚಕ್ರದ ನಡುವಿನ ಭಾಗ) ಲಾಕ್ ಆಗಿದ್ದರೆ ಚಕ್ರದ ಜೊತೆ ಆಕ್ಸಲ್ಲು, ಡಿಫರೆನ್ಷಿಯಲ್ಲು ಎಲ್ಲ ತಿರುಗಬೇಕು, ಭಾರ ಆಗಿಯೇ ಆಗುತ್ತದೆ. ಹಬ್ಬನ್ನು ಫ್ರೀಗೆ ತಿರುಗಿಸಿ, ಟ್ರಾನ್ಸ್‌ಫರ್ ಕೇಸನ್ನು (ಫೋರ್ ವೀಲ್ ಗೇರು) ಟೂ ವೀಲಿಗೆ ಹಾಕಿ, ಆಮೇಲೆ ತಿರುಗಿಸಿ ನೋಡಿ. ಪ್ಯಾಡು ಡಿಸ್ಕಿಗೆ ಸವರಿಕೊಂಡು ಸಣ್ಣ ಸದ್ದು ಬಂದರೆ ಪರವಾಗಿಲ್ಲ. ಎರಡು ಕೈ ಹಾಕಿ ತಳ್ಳಬೇಕಾದರೆ ಹಿಡಿದಿದೆ.

ಹಿಡಿದಿರುವುದು ಕ್ಯಾಲಿಪರ್ರಾ, ಹೋಸ್ ಪೈಪಾ, ಮಾಸ್ಟರ್ ಸಿಲಿಂಡರ್ರಾ? ಹೇಗೆ ತಿಳಿಯುವುದು?

ದುಡ್ಡು ಉಳಿಸುವ ಪರೀಕ್ಷೆ ಇದು, ಆದರೆ ಮಾಡುವವರು ಕಡಿಮೆ. ಚಕ್ರ ಹಿಡಿದುಕೊಂಡಿರುವಾಗಲೇ ಗಾಡಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಕ್ಯಾಲಿಪರಿನ ಬ್ಲೀಡ್ ಸ್ಕ್ರೂ (ಒಳಗಿನ ಗಾಳಿ, ಆಯಿಲ್ ಹೊರಬಿಡುವ ತಿರುಪು) ಸಡಿಲ ಮಾಡಿ. ಸ್ವಲ್ಪ ಆಯಿಲ್ ಚಿಮ್ಮಿ ಚಕ್ರ ಹಗುರಾದರೆ ಒಳಗೆ ಒತ್ತಡ ಸಿಕ್ಕಿಹಾಕಿಕೊಂಡಿತ್ತು ಅಂತ ಅರ್ಥ. ಕ್ಯಾಲಿಪರಿನ ತಪ್ಪಿಲ್ಲ. ಸ್ಕ್ರೂ ಬಿಚ್ಚಿದರೂ ಬಿಗಿಯಾಗೇ ಇದ್ದರೆ ಪಿಸ್ಟನ್ನೋ ಪಿನ್ನೋ ಜಾಮ್ ಆಗಿದೆ.

ಒತ್ತಡ ಸಿಕ್ಕಿಕೊಂಡಿದೆ ಅಂತ ಗೊತ್ತಾದ ಮೇಲೆ ಸ್ಕ್ರೂ ಮತ್ತೆ ಬಿಗಿ ಮಾಡಿ, ಪೆಡಲ್ ಒತ್ತಿ ಚಕ್ರ ಮತ್ತೆ ಹಿಡಿಯುವ ಹಾಗೆ ಮಾಡಿ. ಈಗ ರಬ್ಬರ್ ಹೋಸಿನ ಮೇಲಿನ ತುದಿಯಲ್ಲಿ, ಅಂದರೆ ಅದು ಲೋಹದ ಪೈಪಿಗೆ ಸೇರುವಲ್ಲಿ ಸಡಿಲ ಮಾಡಿ. ಆಗ ಬಿಟ್ಟುಕೊಂಡರೆ ತೊಂದರೆ ಮೇಲಿದೆ, ಅಂದರೆ ಪೆಡಲ್ ಒತ್ತಿದಾಗ ಆಯಿಲಿಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರ್ ಕಡೆ. ಬಿಡದೇ ಹೋದರೆ ಹೋಸು ಒಳಗೊಳಗೇ ಊದಿಕೊಂಡಿದೆ. ಹಳೆಯ ಹೋಸು ಹೊರಗಿನಿಂದ ನೋಡಲು ಚೆನ್ನಾಗೇ ಇರುತ್ತದೆ. ಪೆಡಲ್ ಒತ್ತಿದಾಗ ಜೋರು ಒತ್ತಡಕ್ಕೆ ಆಯಿಲ್ ಕೆಳಗೆ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವಷ್ಟು ಬಲ ಅದಕ್ಕಿರುವುದಿಲ್ಲ.

ಎರಡೂ ಮುಂದಿನ ಚಕ್ರ ಒಟ್ಟಿಗೆ ಹಿಡಿದರೆ ಎರಡು ಕ್ಯಾಲಿಪರ್ ಒಂದೇ ದಿನ ಕೆಟ್ಟವು ಅಂದುಕೊಳ್ಳಬೇಡಿ. ಪೆಡಲಿಗೆ ಫ್ರೀ ಪ್ಲೇ (ಒತ್ತಡ ಶುರುವಾಗುವ ಮುಂಚಿನ ಸ್ವಲ್ಪ ಸಡಿಲ) ಇದೆಯಾ, ಪೆಡಲಿನ ಪುಷ್ ರಾಡು ಮಾಸ್ಟರ್ ಸಿಲಿಂಡರನ್ನು ಸದಾ ಒತ್ತಿಕೊಂಡಿದೆಯಾ ಅಂತ ಮೊದಲು ನೋಡಿ.

ಮನೆಯಲ್ಲೇ ಮಾಡಬಹುದಾ? ಏನೇನು ಬೇಕು?

ಪಾನಾ ಹಿಡಿದು ಅಭ್ಯಾಸ ಇದ್ದವರು ಮಾಡಬಹುದು. ಮೊದಲ ಸಲ ಆದರೆ ಗೊತ್ತಿರುವ ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಗಟ್ಟಿ, ಸಮತಟ್ಟಾದ ನೆಲ ಬೇಕು. ಅಂಗಳದ ಮಣ್ಣಿನ ಮೇಲೆ ಜಾಕಿ ಇಟ್ಟರೆ ಒಂದು ಕಡೆ ಕುಸಿಯುತ್ತದೆ, ಅಡಿಗೆ ದಪ್ಪ ಹಲಗೆ ಹಾಕಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಡಿ. ಜಾಕಿಯನ್ನು ನಂಬಿ ಕೈ ಹಾಕಬೇಡಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇರಲೇಬೇಕು. ಕಲ್ಲು, ಇಟ್ಟಿಗೆ ಜೋಡಿಸಿ ಗಾಡಿ ನಿಲ್ಲಿಸುವವರಿದ್ದಾರೆ, ಇಟ್ಟಿಗೆ ಒಡೆಯುವುದು ಮುಂಚೆ ಹೇಳಿ ಅಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಬ್ರೇಕ್ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಬಾಯಲ್ಲಿ ಊದಲೂಬೇಡಿ. ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಹೋದರೆ ಬರುವುದು ವಾಸಿಯಾಗುವ ಕಾಯಿಲೆಯಲ್ಲ. ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಪಿನ್ನು ಜಾಮ್ ಆಗಿದೆ. ಹೇಗೆ ಬಿಡಿಸುವುದು?

ಹೆಚ್ಚಿನ ಗಾಡಿಗಳಲ್ಲಿ ಕೆಲಸ ಇಲ್ಲಿಗೇ ಮುಗಿಯುತ್ತದೆ. ಕ್ಯಾಲಿಪರ್ ಬಿಚ್ಚಿದ ಮೇಲೆ ಅದನ್ನು ಹೋಸಿನ ಮೇಲೆ ನೇತಾಡಲು ಬಿಡಬೇಡಿ, ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ. ಪಿನ್ನನ್ನು ಬೆರಳಲ್ಲಿ ಎಳೆದರೆ ನಯವಾಗಿ ಈಚೆ ಬರಬೇಕು, ತಳ್ಳಿದರೆ ಹೋಗಬೇಕು. ಬಾರದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಹಿಂದೆ ಮುಂದೆ ತಿರುಚುತ್ತಾ ಎಳೆಯಿರಿ. ಸುತ್ತಿಗೆಯಲ್ಲಿ ಹೊಡೆದರೆ ಪಿನ್ನು ಬಾಗುತ್ತದೆ. ಬಾಗಿದ ಪಿನ್ನು ಎಷ್ಟು ಗ್ರೀಸ್ ಹಾಕಿದರೂ ಮತ್ತೆ ಹಿಡಿಯುತ್ತದೆ.

ಹೊರಬಂದ ಪಿನ್ನನ್ನು ಒರೆಸಿ ಬೆಳಕಿಗೆ ಹಿಡಿಯಿರಿ. ಮೇಲ್ಮೈ ಹೊಳೆಯುತ್ತಿದ್ದರೆ ಉಳಿಸಿಕೊಳ್ಳಿ. ಗುಳಿ ಬಿದ್ದಿದ್ದರೆ, ಒಂದು ಕಡೆ ಚಪ್ಪಟೆಯಾಗಿದ್ದರೆ ಹೊಸದು. ಪಿನ್ನು ಕೂರುವ ತೂತನ್ನೂ ತೆಳ್ಳನೆಯ ಬ್ರಷ್ಷಿನಲ್ಲಿ ಚೆನ್ನಾಗಿ ತಿಕ್ಕಿ, ಹಳೆಯ ಗ್ರೀಸು ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ತೆಗೆಯದೆ ಹೊಸ ಗ್ರೀಸ್ ತುಂಬಿದರೆ ಪಿನ್ನು ಪೂರ್ತಿ ಒಳಗೆ ಹೋಗುವುದೇ ಇಲ್ಲ. ತುಂಬ ಜಾಸ್ತಿ ಗ್ರೀಸ್ ಹಾಕಿದರೂ ಅಷ್ಟೇ, ಒಳಗೆ ಗಾಳಿ ಸಿಕ್ಕಿ ಪಿನ್ನು ಹಿಂದಕ್ಕೆ ಪುಟಿಯುತ್ತದೆ. ತೆಳ್ಳಗೆ, ಎಲ್ಲ ಕಡೆ ಬರುವ ಹಾಗೆ ಹಚ್ಚಿದರೆ ಸಾಕು.

ಹರಿದ ಬೂಟನ್ನು ಉಳಿಸಿಕೊಳ್ಳುವುದರಲ್ಲಿ ಯಾವ ಅರ್ಥವೂ ಇಲ್ಲ. ನಮ್ಮ ಕೆಂಪು ಮಣ್ಣಿನ ಕೆಸರು ಒಂದು ಮಳೆಗಾಲದಲ್ಲೇ ಒಳಗೆ ಹೋಗಿ ಮತ್ತೆ ಅದೇ ಕಥೆ ಆಗುತ್ತದೆ.

ಯಾವ ಗ್ರೀಸ್ ಹಾಕಬೇಕು? ಮನೆಯಲ್ಲಿ ಬೇರಿಂಗ್ ಗ್ರೀಸ್ ಇದೆ.

ಬೇರಿಂಗ್ ಗ್ರೀಸನ್ನು ಬೇರಿಂಗಿಗೇ ಇಟ್ಟುಕೊಳ್ಳಿ. ಅದು ಪೆಟ್ರೋಲಿಯಂ ಎಣ್ಣೆಯಿಂದ ಮಾಡಿದ್ದು, ಬ್ರೇಕಿನ ರಬ್ಬರನ್ನು ಊದಿಸುತ್ತದೆ. ಊದಿದ ರಬ್ಬರ್ ಪಿನ್ನನ್ನು ಹಿಡಿದುಕೊಳ್ಳುತ್ತದೆ. ಬಿಡಿಸಲು ಹಾಕಿದ ಗ್ರೀಸೇ ಮತ್ತೆ ಜಾಮ್ ಮಾಡುತ್ತದೆ.

ಪಿನ್ನಿಗೆ ಸಿಲಿಕೋನ್ ಅಥವಾ ಸಿಂಥೆಟಿಕ್ ಬ್ರೇಕ್ ಗ್ರೀಸ್. ಪಿಸ್ಟನ್ ಸೀಲಿಗೆ ಕೆಂಪು ರಬ್ಬರ್ ಗ್ರೀಸ್ ಅಥವಾ ಹೊಸ ಬ್ರೇಕ್ ಆಯಿಲ್. ಪ್ಯಾಡಿನ ಕಿವಿಗೆ, ಹಿಂಬದಿಯ ತಗಡಿಗೆ ಬಿಸಿ ತಡೆಯುವ ಸೆರಾಮಿಕ್ ಗ್ರೀಸ್ ಒಂದು ತೆಳು ಪದರ. ಪ್ಯಾಡಿನ ಮುಖಕ್ಕೆ, ಡಿಸ್ಕಿಗೆ ಒಂದು ಚುಕ್ಕೆ ಗ್ರೀಸೂ ತಾಗಬಾರದು.

ಡೀಸೆಲ್‌ನಲ್ಲೋ ಪೆಟ್ರೋಲ್‌ನಲ್ಲೋ ತೊಳೆದರೆ ಆಗಲ್ವಾ? ಎಲ್ಲರೂ ಹಾಗೇ ಮಾಡ್ತಾರಲ್ಲ?

ಎಲ್ಲರೂ ಮಾಡುತ್ತಾರೆ, ಅದೇ ಬೇಸರದ ವಿಷಯ. ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆ, ಇಂಜಿನ್ ಆಯಿಲ್ ಇವು ಯಾವುವೂ ಬ್ರೇಕಿನ ರಬ್ಬರ್ ಹತ್ತಿರ ಸುಳಿಯಬಾರದು. ತೊಳೆದ ದಿನ ಏನೂ ಗೊತ್ತಾಗುವುದಿಲ್ಲ. ಕೆಲವು ವಾರಗಳಲ್ಲಿ ಸೀಲು ಊದಿ, ಮೆತ್ತಗಾಗಿ, ಪಿಸ್ಟನ್ ವಾಪಸ್ ಬರುವುದು ನಿಲ್ಲುತ್ತದೆ. ಆಯಿಲ್ ತೊಟ್ಟಿಗೆ ಯಾರೋ ಇಂಜಿನ್ ಆಯಿಲ್ ಹಾಕಿಬಿಟ್ಟರಂತೂ ಇಡೀ ಸಿಸ್ಟಮ್ಮಿನ ಎಲ್ಲ ರಬ್ಬರೂ ಬದಲಾಯಿಸಬೇಕು, ಹೋಸು ಸೇರಿ.

ಲೋಹದ ಭಾಗಗಳಿಗೆ ಬ್ರೇಕ್ ಕ್ಲೀನರ್ ಸ್ಪ್ರೇ ಅಥವಾ ಸ್ಪಿರಿಟ್ ಬಳಸಿ, ಪೂರ್ತಿ ಒಣಗಲು ಬಿಡಿ. ರಬ್ಬರಿಗೆ ಹೊಸ ಬ್ರೇಕ್ ಆಯಿಲ್ ಸಾಕು. ಗ್ಯಾರೇಜಿಗೆ ಕೊಟ್ಟರೂ ನಿಂತು ನೋಡಿ, ಡೀಸೆಲ್ ಟ್ರೇಗೆ ಮುಳುಗಿಸುವ ಮುಂಚೆ ಹೇಳಿ. ಒಳ್ಳೆಯ ಮೇಸ್ತ್ರಿ ಬೇಜಾರು ಮಾಡಿಕೊಳ್ಳುವುದಿಲ್ಲ.

ಪಿಸ್ಟನ್ ಹೊರಗೆ ಬರುತ್ತಿಲ್ಲ. ಏನು ಮಾಡಲಿ?

ಹೋಸು ಬಿಚ್ಚುವ ಮುಂಚೆಯೇ ಪೆಡಲ್ ಒತ್ತಿ ತೆಗೆಯುವುದು ಒಳ್ಳೆಯ ದಾರಿ. ಪ್ಯಾಡು ತೆಗೆದು, ಪಿಸ್ಟನ್ ಎದುರಿಗೆ ಮರದ ತುಂಡು ಇಟ್ಟು, ಒಬ್ಬರು ನಿಧಾನವಾಗಿ ಪೆಡಲ್ ಒತ್ತುತ್ತಾ ಹೋದರೆ ಅದು ತಾನಾಗಿ ಈಚೆ ಬರುತ್ತದೆ. ಬ್ರೇಕಿನ ಒತ್ತಡದ ಮುಂದೆ ಯಾವ ಇಕ್ಕಳವೂ ಸಾಟಿಯಲ್ಲ. ಕೆಳಗೆ ಡಬ್ಬಿ ಇಡಿ, ಕೊನೆಗೆ ಆಯಿಲ್ ಒಮ್ಮೆಲೇ ಸುರಿಯುತ್ತದೆ. ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಏಳುತ್ತದೆ.

ಕಂಪ್ರೆಸರ್ ಗಾಳಿಯಲ್ಲಿ ತೆಗೆಯುವುದಾದರೆ ತುಂಬ ಕಡಿಮೆ ಒತ್ತಡ, ಎದುರಿಗೆ ಮರದ ತುಂಡು ಮತ್ತು ಬಟ್ಟೆ. ಬೆರಳು ಅಲ್ಲಿರಲೇಬಾರದು. ಪಿಸ್ಟನ್ ಗುಂಡಿನ ಹಾಗೆ ಹಾರುತ್ತದೆ, ಬೆರಳು ಜಜ್ಜಿಹೋಗುತ್ತದೆ.

ತೀರಾ ಹಿಡಿದಿದ್ದರೆ ಇನ್ನೊಂದು ಉಪಾಯ ಇದೆ. ಬ್ಲೀಡ್ ಸ್ಕ್ರೂ ಇರುವ ತೂತಿಗೆ ಅದೇ ಥ್ರೆಡ್ಡಿನ ಗ್ರೀಸ್ ನಿಪ್ಪಲ್ ಹಾಕಿ, ಹೋಸಿನ ತೂತನ್ನು ಬೋಲ್ಟಿನಲ್ಲಿ ಮುಚ್ಚಿ, ಗ್ರೀಸ್ ಗನ್ನಿನಲ್ಲಿ ತುಂಬುತ್ತಾ ಹೋಗಿ. ಗ್ರೀಸ್ ಗಾಳಿಯ ಹಾಗೆ ಹಿಗ್ಗುವುದಿಲ್ಲ, ಪಿಸ್ಟನ್ ಹಾರುವ ಭಯ ಇಲ್ಲ, ನಿಧಾನವಾಗಿ ಬರುತ್ತದೆ. ಆದರೆ ಇದಾದ ಮೇಲೆ ಒಳಗಿನ ಪ್ರತಿ ಕಾಲುವೆಯನ್ನೂ ಕ್ಲೀನರ್ ಹೊಡೆದು ಗ್ರೀಸಿನ ಸುಳಿವಿಲ್ಲದ ಹಾಗೆ ತೊಳೆಯಬೇಕು, ಹಳೆಯ ರಬ್ಬರ್ ಯಾವುದನ್ನೂ ಮತ್ತೆ ಹಾಕಬಾರದು.

ಪಿಸ್ಟನ್ನಿನ ಮೈಯನ್ನು ಪಂಪ್ ಪ್ಲೈಯರ್ ಹಾಕಿ ಕಚ್ಚಿ ತಿರುಗಿಸಿದರೆ ಅದು ಗುಜರಿಗೆ ಹೋದ ಹಾಗೆ.

ಪಿಸ್ಟನ್ನಿನಲ್ಲಿ ತುಕ್ಕು ಇದೆ. ಎಮರಿ ಪೇಪರಿನಲ್ಲಿ ತಿಕ್ಕಿ ಹಾಕಲಾ?

ತುಕ್ಕು ಎಲ್ಲಿದೆ ಅನ್ನುವುದರ ಮೇಲೆ ಹೋಗುತ್ತದೆ. ಸೀಲು ಕೂತಿರುವುದು ಕ್ಯಾಲಿಪರಿನ ಒಳಗಿನ ತೋಡಿನಲ್ಲಿ, ಅದು ಉಜ್ಜಿಕೊಳ್ಳುವುದು ಪಿಸ್ಟನ್ನಿನ ಮೈಗೆ. ಹಾಗಾಗಿ ಪಿಸ್ಟನ್ನಿನ ಮೈ ಕನ್ನಡಿಯ ಹಾಗೆ ಇರಬೇಕು. ಕ್ರೋಮ್ ಎದ್ದು ಗುಳಿ ಬಿದ್ದಿದ್ದರೆ ಹೊಸ ಪಿಸ್ಟನ್ನೇ ಬೇಕು. ತಿಕ್ಕಿದರೆ ಉಳಿದ ಕ್ರೋಮೂ ಹೋಗಿ ಕೆಳಗಿನ ಉಕ್ಕು ಮೇಲೆ ಬರುತ್ತದೆ, ಮುಂದಿನ ಮಳೆಗಾಲಕ್ಕೆ ಮತ್ತೆ ತುಕ್ಕು. ಬೂಟಿನ ಹೊರಗೆ, ತುದಿಯಲ್ಲಿ ಮಾತ್ರ ಸ್ವಲ್ಪ ತುಕ್ಕಿದ್ದರೆ ಅದು ಸೀಲಿನವರೆಗೆ ಹೋಗುವುದಿಲ್ಲ, ಒರೆಸಿ ಹಾಕಬಹುದು. ಆದರೆ ಪ್ಯಾಡು ಹೊಸದಾದಾಗ ಪಿಸ್ಟನ್ ಎಷ್ಟು ಹಿಂದಕ್ಕೆ ಹೋಗುತ್ತದೆ ಅಂತ ಲೆಕ್ಕ ಹಾಕಿ ನೋಡಿ.

ಕ್ಯಾಲಿಪರಿನ ಒಳಗೋಡೆಯ ಸಣ್ಣ ಕಲೆಗೆ ಅಷ್ಟು ಹೆದರಬೇಕಿಲ್ಲ, ಅಲ್ಲಿ ಸೀಲು ಉಜ್ಜುವುದಿಲ್ಲ. ತೋಡಿನೊಳಗಿನ ತುಕ್ಕು ಮಾತ್ರ ದೊಡ್ಡ ತೊಂದರೆ. ಅದು ಸೀಲನ್ನು ಹಿಂದಿನಿಂದ ಉಬ್ಬಿಸಿ ಪಿಸ್ಟನ್ನನ್ನು ಬಿಗಿ ಮಾಡುತ್ತದೆ. ಹೊಸ ಕಿಟ್ ಹಾಕಿದರೂ ಬಿಗಿ ಅಂತ ದೂರುವವರು ಹೆಚ್ಚಾಗಿ ಈ ತೋಡನ್ನು ತೊಳೆದಿರುವುದಿಲ್ಲ. ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಲ್ಲಿ ಕೆರೆದು, ಅಂಚಿಗೆ ಗೀರು ಬೀಳದ ಹಾಗೆ ಪೂರ್ತಿ ತೆಗೆಯಿರಿ. ತೋಡೇ ತಿಂದುಹೋಗಿದ್ದರೆ ಆ ಕ್ಯಾಲಿಪರನ್ನು ಬಿಟ್ಟುಬಿಡಿ.

ಬ್ರ್ಯಾಕೆಟ್ಟಿನಲ್ಲಿ ಪ್ಯಾಡು ಕೂರುವ ಜಾಗ ಸವೆದು ತಗ್ಗಾಗಿದೆ. ವೆಲ್ಡ್ ಮಾಡಿಸಲಾ?

ಮೊದಲು ತುಕ್ಕೋ ಸವೆತವೋ ನೋಡಿ. ಸ್ಟೀಲ್ ಕ್ಲಿಪ್ಪಿನ ಕೆಳಗೆ ತುಕ್ಕು ಬೆಳೆದು ಕ್ಲಿಪ್ಪನ್ನು ಮೇಲಕ್ಕೆತ್ತುತ್ತದೆ, ಪ್ಯಾಡಿಗೆ ಅಲ್ಲಾಡಲು ಜಾಗ ಇರುವುದಿಲ್ಲ. ಇದಕ್ಕೆ ಕ್ಲಿಪ್ ತೆಗೆದು, ವೈರ್ ಬ್ರಷ್ಷಿನಲ್ಲಿ ಲೋಹ ಕಾಣುವವರೆಗೆ ತಿಕ್ಕಿ, ಹೊಸ ಕ್ಲಿಪ್ ಹಾಕಿದರೆ ಸಾಕು. ಪ್ಯಾಡಿನ ಕಿವಿಯಲ್ಲಿ ಬಣ್ಣ ದಪ್ಪಗಿದ್ದರೆ ಅದನ್ನೂ ಸ್ವಲ್ಪ ಅರ ಹಾಕಿ ತೆಗೆಯಬಹುದು.

ನಿಜವಾಗಿ ತಗ್ಗು ಬಿದ್ದಿದ್ದರೆ, ಪ್ಯಾಡು ಅಲ್ಲಿ ಸಿಕ್ಕಿಕೊಳ್ಳುತ್ತಿದ್ದರೆ, ಪಿನ್ನಿನ ತೂತು ಮೊಟ್ಟೆಯಾಕಾರ ಆಗಿದ್ದರೆ ಬ್ರ್ಯಾಕೆಟ್ ಬದಲಿಸಿ. ಎರಕದ ಕಬ್ಬಿಣಕ್ಕೆ ರಸ್ತೆ ಬದಿಯ ವೆಲ್ಡಿಂಗು ನನಗೆ ಒಪ್ಪಿಗೆಯಿಲ್ಲ. ಅದು ಬಿಸಿಯಾದ ಕಡೆ ಗಡುಸಾಗಿ ಬಿರುಕು ಬಿಡುತ್ತದೆ, ಆ ಬಿರುಕು ಕಾಣುವುದು ಗಟ್ಟಿಯಾಗಿ ಬ್ರೇಕ್ ಒತ್ತಿದ ದಿನ. ಒಳ್ಳೆಯ ಹಳೆಯ ಬ್ರ್ಯಾಕೆಟ್ ಅದಕ್ಕಿಂತ ಎಷ್ಟೋ ವಾಸಿ. ಬೆಂಗಳೂರಿನವರು ಶಿವಾಜಿನಗರದ ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಬಹುದು, ಹೊಸದಕ್ಕೆ ಜೆ.ಸಿ. ರಸ್ತೆ. ನಿಮ್ಮ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಹೋಲಿಸಿ ನೋಡಿ.

ಡಿಸ್ಕ್ ಯಾವಾಗ ಬದಲಿಸಬೇಕು?

ಜಿಪ್ಸಿಯದು ಒಳಗೆ ಗಾಳಿ ಆಡದ ಗಟ್ಟಿ ಡಿಸ್ಕು. ಹೊಸದು 10 ಮಿ.ಮೀ. ದಪ್ಪ, 8.5 ಮಿ.ಮೀ.ಗಿಂತ ಕೆಳಗೆ ಹೋಗಬಾರದು. ಅಂಚಿನಲ್ಲಿ ಸವೆಯದ ದಿಣ್ಣೆ ಇರುತ್ತದೆ, ಅಲ್ಲಿ ಅಳೆಯಬೇಡಿ. ಪ್ಯಾಡು ಉಜ್ಜುವ ಜಾಗದಲ್ಲಿ ಮೈಕ್ರೋಮೀಟರ್ ಇಟ್ಟು ನಾಲ್ಕೈದು ಕಡೆ ನೋಡಿ. ತಿರುಗುವಾಗ ಡಿಸ್ಕಿನ ಓಲಾಟ 0.15 ಮಿ.ಮೀ. ಮೀರಿದರೆ ಪೆಡಲ್ ನಡುಗುತ್ತದೆ. ಬ್ರ್ಯಾಕೆಟ್ ತೆಗೆದರೆ ಡಿಸ್ಕ್ ಈಚೆ ಬರುತ್ತದೆ. ತುಕ್ಕು ಹಿಡಿದು ಬಾರದಿದ್ದರೆ ಅದರಲ್ಲೇ ಇರುವ ಎರಡು ತೂತಿಗೆ 8 ಮಿ.ಮೀ. ಬೋಲ್ಟ್ ಹಾಕಿ ಸಮವಾಗಿ ಬಿಗಿ ಮಾಡುತ್ತಾ ಹೋದರೆ ಎದ್ದು ಬರುತ್ತದೆ.

ಕ್ಯಾಲಿಪರ್ ಸರಿ ಮಾಡಿಸಿದರೂ ಮೊದಲ ಒತ್ತಿಗೆ ಪೆಡಲ್ ಕೆಳಗೆ ಹೋಗುತ್ತದೆ, ಎರಡನೇ ಒತ್ತಿಗೆ ಸರಿ. ಯಾಕೆ?

ಏರ್ ಇದೆ ಅಂತ ಎಲ್ಲರೂ ಬ್ಲೀಡ್ ಮಾಡುತ್ತಲೇ ಇರುತ್ತಾರೆ. ಕೆಟ್ಟ ರಸ್ತೆಯಲ್ಲಿ ಹೋಗಿ ಬಂದ ಮೇಲೆ ಮಾತ್ರ ಹೀಗಾಗುತ್ತಿದ್ದರೆ ವೀಲ್ ಬೇರಿಂಗ್ ಮತ್ತು ಕಿಂಗ್ ಪಿನ್ (ಸ್ಟೀರಿಂಗಿಗೆ ಚಕ್ರ ತಿರುಗುವ ಕೀಲು) ನೋಡಿ. ಬೇರಿಂಗ್ ಸಡಿಲವಾದರೆ ಡಿಸ್ಕು ಆಚೀಚೆ ಓಲಾಡಿ ಪ್ಯಾಡನ್ನೂ ಪಿಸ್ಟನ್ನನ್ನೂ ಹಿಂದಕ್ಕೆ ತಳ್ಳುತ್ತದೆ. ಮುಂದಿನ ಸಲ ಪೆಡಲ್ ಒತ್ತಿದಾಗ ಆ ಜಾಗ ತುಂಬಲು ಅರ್ಧ ಪೆಡಲ್ ಹೋಗುತ್ತದೆ. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ತಿಳಿಯುತ್ತದೆ.

ಅದೇ ಹೊತ್ತಿಗೆ ಆಕ್ಸಲ್ ತುದಿಯಲ್ಲಿ ಚಕ್ರ ತಿರುಗುವ ಕೀಲಿನ, ಅಂದರೆ ನಕಲ್‌ನ, ಸೀಲನ್ನೂ ನೋಡಿ. ಇದು ಸೋರಿದರೆ ಗ್ರೀಸು ಮತ್ತು ಎಣ್ಣೆ ಸೇರಿದ ಕಪ್ಪು ರಸ ಡಿಸ್ಕಿನ ಕಡೆ ಹರಿಯುತ್ತದೆ. ಎಣ್ಣೆ ಕುಡಿದ ಪ್ಯಾಡನ್ನು ಬೆಂಕಿಯಲ್ಲಿ ಸುಟ್ಟು ಮತ್ತೆ ಹಾಕುವವರಿದ್ದಾರೆ. ಅದು ಸರಿಹೋಗುವುದಿಲ್ಲ, ಬದಲಿಸಿ. ಸೀಲನ್ನು ಹಾಗೇ ಬಿಟ್ಟು ಪ್ಯಾಡು ಮಾತ್ರ ಬದಲಿಸಿದರೆ ಅದೂ ದುಡ್ಡು ದಂಡ.

ಒಂದೇ ಕಡೆ ಮಾಡಿಸಿದರೆ ಸಾಲದಾ?

ಪ್ಯಾಡು, ಡಿಸ್ಕು, ಹೋಸು ಯಾವಾಗಲೂ ಜೊತೆಯಾಗಿ. ಕಿಟ್ ಕೂಡ ಎರಡೂ ಕಡೆ ಹಾಕಿಸಿ ಅನ್ನುತ್ತೇನೆ, ಯಾಕೆಂದರೆ ಎರಡೂ ಒಂದೇ ವಯಸ್ಸಿನವು, ಒಂದೇ ಕೆಸರು ಕಂಡವು. ಒಂದು ಕಡೆ ಹೊಸದಾಗಿ ಚುರುಕಾಗಿ, ಇನ್ನೊಂದು ಹಳೆಯದಾಗಿ ನಿಧಾನವಾಗಿ ಹಿಡಿದರೆ ಒದ್ದೆ ರಸ್ತೆಯಲ್ಲಿ ಗಾಡಿ ತಿರುಗುತ್ತದೆ. ಜಿಪ್ಸಿ ಹಗುರವಾದ ಗಾಡಿ, ವೀಲ್‌ಬೇಸ್ ಕೂಡ ಚಿಕ್ಕದು, ತಿರುಗಲು ಜಾಸ್ತಿ ಹೊತ್ತು ಬೇಡ.

ಎಲ್ಲ ಜೋಡಿಸಿ ಎಷ್ಟು ಬ್ಲೀಡ್ ಮಾಡಿದರೂ ಪೆಡಲ್ ಸ್ಪಂಜಿನ ಹಾಗಿದೆ.

ಬ್ಲೀಡ್ ಸ್ಕ್ರೂ ಮೇಲಿದೆಯಾ ಕೆಳಗಿದೆಯಾ ನೋಡಿ. ಎಡಗಡೆಯ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಬಿಟ್ಟರೆ ಸ್ಕ್ರೂ ಕೆಳಗೆ ಬರುತ್ತದೆ. ಗಾಳಿ ಮೇಲೆ ಸಿಕ್ಕಿಕೊಂಡಿರುತ್ತದೆ, ಎಷ್ಟು ಲೀಟರ್ ಆಯಿಲ್ ಸುರಿದರೂ ಹೊರಗೆ ಬರುವುದಿಲ್ಲ. ಬಿಚ್ಚುವಾಗಲೇ ಎಡ, ಬಲ ಅಂತ ಬರೆದಿಟ್ಟರೆ ಈ ತಾಪತ್ರಯ ಇಲ್ಲ.

ಮುಂದಿನದು ಮಾತ್ರ ಬಿಚ್ಚಿದ್ದರೆ ನಮ್ಮ ಬಲಗಡೆ ಸ್ಟೀರಿಂಗಿನ ಗಾಡಿಗಳಲ್ಲಿ ಎಡಗಡೆಯಿಂದ ಶುರು ಮಾಡಿ, ಆಮೇಲೆ ಬಲ. ಹಿಂದಿನದನ್ನೂ ಬಿಚ್ಚಿದ್ದರೆ ಹಿಂದಿನಿಂದ ಶುರು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಸ್ಕ್ರೂ ಸಡಿಲಿಸಿ, ಮುಚ್ಚಿ, ಆಮೇಲೆ "ಬಿಡು" ಅನ್ನಬೇಕು. ತೊಟ್ಟಿ ಖಾಲಿಯಾಗಲು ಬಿಡಬೇಡಿ. ಹೋಸ್ ಬೋಲ್ಟಿನ ಎರಡೂ ಬದಿಯ ತಾಮ್ರದ ವಾಷರ್ ಪ್ರತಿ ಸಲ ಹೊಸದು ಹಾಕಿ, ಒಮ್ಮೆ ಚಪ್ಪಟೆಯಾದದ್ದು ಮತ್ತೆ ಸರಿಯಾಗಿ ಕೂರುವುದಿಲ್ಲ.

ಡಾಟ್ 3 ಹಾಕಲಾ, ಡಾಟ್ 4 ಹಾಕಲಾ?

ಕಂಪನಿ ಹೇಳಿದ್ದು ಡಾಟ್ 3 ದರ್ಜೆಯ ಬ್ರೇಕ್ ಆಯಿಲ್. ಹೊಸದಾಗಿದ್ದಾಗ ಅದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230. ನೀರು ಹೀರಿಕೊಂಡ ಮೇಲೆ ಇವು 140 ಮತ್ತು 155ಕ್ಕೆ ಇಳಿಯುತ್ತವೆ. ಎರಡೂ ಒಂದೇ ಜಾತಿಯ ಆಯಿಲ್, ಡಾಟ್ 4 ಹಾಕಿದರೆ ತೊಂದರೆಯಿಲ್ಲ, ಘಟ್ಟದಲ್ಲಿ ಓಡಾಡುವವರಿಗೆ ಒಳ್ಳೆಯದೇ. ಡಾಟ್ 5 ಮಾತ್ರ ಬೇಡ, ಅದು ಸಿಲಿಕೋನ್, ಇವುಗಳ ಜೊತೆ ಬೆರೆಯುವುದಿಲ್ಲ. ಆಗುಂಬೆ, ಕೊಡಗಿನಂಥ ತೇವದ ಕಡೆ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಕಳೆದ ವರ್ಷ ತೆರೆದಿಟ್ಟ ಡಬ್ಬಿಯ ಉಳಿಕೆ ಹಾಕಬೇಡಿ.

ನನ್ನದು ಡ್ರಮ್ ಇರುವ ಹಳೆಯ ಮಹೀಂದ್ರಾ ಜೀಪು. ಮುಂದೆ ಡಿಸ್ಕ್ ಹಾಕಿಸಿದೆ, ಬ್ರೇಕ್ ಹಿಡಿದುಕೊಳ್ಳುತ್ತಿದೆ.

ಕ್ಯಾಲಿಪರ್ ಬೈಯುವ ಮುಂಚೆ ಮಾಸ್ಟರ್ ಸಿಲಿಂಡರ್ ನೋಡಿ. ಡ್ರಮ್ಮಿಗೆ ಮಾಡಿದ ಹಲವು ಸಿಲಿಂಡರುಗಳಲ್ಲಿ ಪೈಪಿನೊಳಗೆ ಸದಾ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇರುತ್ತದೆ. ಡ್ರಮ್ಮಿನಲ್ಲಿ ಬಲವಾದ ಸ್ಪ್ರಿಂಗು ಬ್ರೇಕ್ ಶೂ ಎಳೆದುಕೊಳ್ಳುವುದರಿಂದ ಅಲ್ಲಿ ಸರಿ. ಕ್ಯಾಲಿಪರಿನಲ್ಲಿ ಸ್ಪ್ರಿಂಗ್ ಇಲ್ಲವಲ್ಲ, ಆ ಒತ್ತಡಕ್ಕೇ ಪ್ಯಾಡು ಉಜ್ಜುತ್ತಾ ಇರುತ್ತದೆ.

ಇನ್ನೂ ಮಾಡಿಸದೆ ಇರುವವರಿಗೆ ಒಂದು ಮಾತು. ಕಂಪನಿ ಕೊಟ್ಟ ವಿನ್ಯಾಸ ಬದಲಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. 15 ವರ್ಷ ದಾಟಿದ ಖಾಸಗಿ ಗಾಡಿಯ ಆರ್.ಸಿ. ನವೀಕರಣಕ್ಕೆ ಆರ್.ಟಿ.ಒ. ಮುಂದೆ ನಿಲ್ಲಬೇಕಾಗುತ್ತದೆ, ಮೊದಲೇ ವಿಚಾರಿಸಿ. ಸರಿಯಾಗಿ ಅಡ್ಜಸ್ಟ್ ಮಾಡಿದ ಡ್ರಮ್ಮು ಅರ್ಧಂಬರ್ಧ ಡಿಸ್ಕಿಗಿಂತ ಮೇಲು.

ಗಲ್ಫಿನಲ್ಲಿದ್ದೇನೆ, ಹಳೆಯ ಹೈಲಕ್ಸ್ ಫೋರ್ ವೀಲ್ ಪಿಕಪ್ ಇದೆ. ಇದಕ್ಕೂ ಇದೇನಾ?

ಅಲ್ಲ. 1980 ಮತ್ತು 90ರ ದಶಕದ ಫೋರ್ ವೀಲ್ ಹೈಲಕ್ಸ್‌ನಲ್ಲಿ ಇರುವುದು ನಾಲ್ಕು ಪಿಸ್ಟನ್ನಿನ, ಜಾರದೆ ನಿಂತಿರುವ ಕ್ಯಾಲಿಪರ್. ಜಾರುವ ಪಿನ್ನಿನ ಗೋಳೇ ಇಲ್ಲ. ಆದರೆ ನಾಲ್ಕರಲ್ಲಿ ಒಂದು ಪಿಸ್ಟನ್ ಹಿಡಿದರೂ ಪ್ಯಾಡು ಓರೆಯಾಗಿ ಸವೆಯುತ್ತದೆ, ಹಾಗಾಗಿ ಒಂದೊಂದನ್ನೂ ಬೇರೆಬೇರೆಯಾಗಿ ತಳ್ಳಿ ನೋಡಬೇಕು. ಎರಡು ಭಾಗ ಸೇರಿಸಿರುವ ಬೋಲ್ಟುಗಳನ್ನು ಬಿಚ್ಚಬೇಡಿ, ಬಿಚ್ಚದೆಯೇ ನಾಲ್ಕೂ ಪಿಸ್ಟನ್ ತೆಗೆಯಬಹುದು. ಪ್ಯಾಡು ಹಿಡಿದಿರುವ ಉದ್ದನೆಯ ಪಿನ್ನು ತುಕ್ಕು ಹಿಡಿದಿದ್ದರೆ ಬದಲಿಸಿ.

ರಿಪೇರಿ ಆದ ಮೇಲೆ ಎಷ್ಟು ದಿನಕ್ಕೊಮ್ಮೆ ನೋಡಬೇಕು?

ಗಾಡಿ ಕದಲಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಪಿಸ್ಟನ್ ಹಿಂದೆ ಹೋಗಿರುತ್ತದೆ, ಮೊದಲ ಕೆಲವು ಒತ್ತಿಗೆ ಬ್ರೇಕ್ ಇರುವುದೇ ಇಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಹದವಾಗಿ ಇಳಿಸುವುದು, ಸ್ವಲ್ಪ ದೂರ ಸುಮ್ನೆ ಓಡಿಸಿ ತಣ್ಣಗಾಗಲು ಬಿಡುವುದು, ಹೀಗೆ ಹಲವು ಸಲ ಮಾಡಿದರೆ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ಬಿಸಿಯಾದಾಗ ಪೆಡಲ್ ಒತ್ತಿಕೊಂಡು ನಿಲ್ಲಬೇಡಿ.

ಹಳ್ಳ ದಾಟಿದ ಮೇಲೆ ಎಡಗಾಲಲ್ಲಿ ಪೆಡಲ್ ಲಘುವಾಗಿ ಒತ್ತಿ ಡಿಸ್ಕ್ ಒಣಗಿಸಿ. ಗದ್ದೆ ಕೆಸರಿನಲ್ಲಿ ಓಡಿಸಿದ ದಿನವೇ ಚಕ್ರದ ಒಳಭಾಗ ತೊಳೆಯಿರಿ, ಆದರೆ ಪ್ರೆಷರ್ ವಾಷರಿನ ಮೂತಿಯನ್ನು ರಬ್ಬರ್ ಬೂಟಿಗೆ ನೇರವಾಗಿ ಹಿಡಿಯಬೇಡಿ, ನೀರು ಒಳಗೆ ನುಗ್ಗುತ್ತದೆ. ಚಾರ್ಮಾಡಿ, ಶಿರಾಡಿ ಇಳಿಯುವಾಗ ಚಿಕ್ಕ ಗೇರಿನಲ್ಲಿ ಇಂಜಿನ್ನಿಗೆ ಕೆಲಸ ಕೊಡಿ. ದೊಡ್ಡ ಟೈರ್ ಹಾಕಿಸಿದ್ದರೆ ಇದು ಇನ್ನೂ ಮುಖ್ಯ, ಅದೇ ಚಿಕ್ಕ ಡಿಸ್ಕು ಈಗ ಜಾಸ್ತಿ ಭಾರ ತಡೆಯಬೇಕು.

ಪಿನ್ನು ತೆಗೆದು, ಒರೆಸಿ, ಹೊಸ ಗ್ರೀಸ್ ಹಚ್ಚುವುದನ್ನು ವರ್ಷಕ್ಕೊಮ್ಮೆ ಮಾಡಿ. ದಸರಾ ಹೊತ್ತಿಗೆ ಮಳೆ ಕಡಿಮೆಯಾಗಿರುತ್ತದೆ, ಆಯುಧಪೂಜೆಗೆ ಗಾಡಿ ಹೇಗೂ ತೊಳೆಯುತ್ತೀರಿ. ಆಗಲೇ ಎರಡೂ ಮುಂದಿನ ಚಕ್ರ ಬಿಚ್ಚಿ ಮುಗಿಸಿಬಿಡಿ.